ಇಂಟರ್ನೆಟ್ ಮಂಡಳಿಯ ಕುರ್ಚಿಗೆ ಕೆಲಸ ಬಲ್ಲ ಇಂಜಿನಿಯರ್ ಬೇಕು

ಇಂಡಿಯಲ್ಲಿ ಲಿಂಬೆ ಲೋಡ್ ಆದ ಮೇಲೆ ಫೋನ್‌ನಲ್ಲಿ ದುಡ್ಡು ಬಾರದೆ ಗಾಡಿ ನಿಂತರೆ, ಸಿಂದಗಿಯ ಬೇಕರಿಯಲ್ಲಿ ಸ್ಕ್ಯಾನ್ ಮಾಡಿದ ಗಿರಾಕಿ ಸುಮ್ಮನೆ ಕಾಯುತ್ತಾ ನಿಂತರೆ, ಎಲ್ಲರ ಬಾಯಲ್ಲೂ ಒಂದೇ ಮಾತು: "ನೆಟ್ ಬರವಲ್ದ್ ನೋಡ್ರಿ." ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲೂ ಇದೇ ಕಥೆ. ಕರಾವಳಿಯಿಂದ ವ್ಯಾಪಾರಕ್ಕೆ ಬಂದು ಈ ಊರುಗಳಲ್ಲಿ ನೆಲೆ ನಿಂತ ಬ್ಯಾರಿ ಮನೆಗಳಿಗೂ ನೆಟ್ ಈಗ ನೀರು, ಕರೆಂಟಿನ ಹಾಗೆಯೇ. ದುಬೈನಲ್ಲಿರುವ ಮಗನ ವಿಡಿಯೋ ಕಾಲ್ ಕಡಿದುಹೋದರೆ ಉಮ್ಮನಿಗೆ ಆ ರಾತ್ರಿ ನಿದ್ದೆಯಿಲ್ಲ.

ನೆಟ್ ಹೋದಾಗ ನಾವು ಬೈಯುವುದು ಕೇಬಲ್‌ನವರನ್ನು. ಆದರೆ ಅವರ ಮೇಲೂ ಒಂದು ವ್ಯವಸ್ಥೆ ಇದೆ. ಅದರ ಚುನಾವಣೆ ನಡೆಯುತ್ತದೆ, ಅಲ್ಲಿ ವೋಟು ಬೀಳುತ್ತದೆ. ಆ ವೋಟು ಯಾರಿಗೆ ಬೀಳಬೇಕು ಎನ್ನುವುದು ನಮಗೂ ಸಂಬಂಧಿಸಿದ ಮಾತು.

ನೆಟ್‌ಗೆ ಸೇರುವ ಪ್ರತಿ ಯಂತ್ರಕ್ಕೂ ಒಂದು ಐಪಿ ವಿಳಾಸ ಬೇಕು. ಜಗತ್ತಿನಲ್ಲಿ ಈ ವಿಳಾಸಗಳನ್ನು ಹಂಚುವುದು ಐದು ಪ್ರಾದೇಶಿಕ ಸಂಸ್ಥೆಗಳು. ಏಷ್ಯಾ-ಪೆಸಿಫಿಕ್ ಭಾಗಕ್ಕೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿರುವ ಎಪಿನಿಕ್, ಗಲ್ಫ್ ಮತ್ತು ಯುರೋಪಿಗೆ ಆಮ್ಸ್ಟರ್‌ಡಾಮಿನ ರೈಪ್ ಎನ್‌ಸಿಸಿ. ಭಾರತದೊಳಗೆ ನಿಕ್ಸಿ ಸಂಸ್ಥೆಯ ಅಂಗವಾಗಿ 2012ರಿಂದ ಇರಿನ್ ಈ ಹಂಚಿಕೆ ಮಾಡುತ್ತಿದೆ. ಇವು ಸರ್ಕಾರಿ ಇಲಾಖೆಗಳಲ್ಲ. ಎಪಿನಿಕ್, ರೈಪ್‌ಗಳಲ್ಲಿ ಸದಸ್ಯ ಕಂಪನಿಗಳೇ ಸೇರಿ ಆಡಳಿತ ಮಂಡಳಿಯನ್ನು ಆರಿಸುತ್ತವೆ.

ಹಳೆಯ ಪದ್ಧತಿಯ ಒಟ್ಟು ವಿಳಾಸಗಳು ಸುಮಾರು 430 ಕೋಟಿ. ಎಪಿನಿಕ್ ತನ್ನ ಕಟ್ಟಕಡೆಯ ದಾಸ್ತಾನಿಗೆ ಕೈ ಹಾಕಿದ್ದು 2011ರ ಏಪ್ರಿಲ್‌ನಲ್ಲಿ. ಆಮೇಲೆ ಬಂದ ಸಣ್ಣ ಆಪರೇಟರಿಗೆ ಚಿಟಿಕೆಯಷ್ಟೇ ಸಿಕ್ಕಿತು. ಹಾಗಾಗಿ ಅವರು ಒಂದೇ ವಿಳಾಸವನ್ನು ಹತ್ತಾರು ಮನೆಗೆ ಹಂಚುತ್ತಾರೆ. ಅಂಗಡಿಯ ಸಿಸಿ ಕ್ಯಾಮೆರಾವನ್ನು ಬೇರೆ ಊರಿಂದ ನೇರ ನೋಡಬೇಕೆಂದರೆ "ಸ್ಟ್ಯಾಟಿಕ್ ಐಪಿ ಹಾಕಿಸ್ರಿ, ಅದಕ್ಕ ಬೇರೆ ರೊಕ್ಕ" ಎನ್ನುವುದು ಇದೇ ಕಾರಣಕ್ಕೆ. ಉಳಿದ ವಿಳಾಸ ಯಾರಿಗೆ, ಹೊಸ ಪದ್ಧತಿಯಾದ ಐಪಿವಿ6ಗೆ ಸಣ್ಣವರನ್ನು ಹೇಗೆ ಕರೆತರುವುದು, ಸದಸ್ಯ ಶುಲ್ಕ ಎಷ್ಟು ಎಂಬ ವಿಚಾರಗಳಲ್ಲಿ ಆ ಮಂಡಳಿಯ ಮಾತಿಗೆ ತೂಕವಿದೆ.

ಅಲ್ಲಿ ಇಂಜಿನಿಯರ್ ಏಕೆ ಬೇಕು? 2008ರ ಫೆಬ್ರವರಿ 24ರ ಘಟನೆ ನೋಡಿ. ಪಾಕಿಸ್ತಾನದ ಸರ್ಕಾರಿ ಟೆಲಿಕಾಂ ಕಂಪನಿ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹೋಗಿ, "ಯೂಟ್ಯೂಬ್‌ಗೆ ದಾರಿ ನನ್ನ ಮೂಲಕವೇ" ಎಂಬ ತಪ್ಪು ಸೂಚನೆಯನ್ನು ಹೊರ ಜಗತ್ತಿಗೂ ಬಿಟ್ಟಿತು. ಸುಮಾರು ಎರಡು ಗಂಟೆ ಬಹುಪಾಲು ಜಗತ್ತಿಗೆ ಯೂಟ್ಯೂಬ್ ಇರಲಿಲ್ಲ. ಇಂಥ ತಪ್ಪು ದಾರಿಗೆ ತಡೆ ಹಾಕಲು ಈಗ ಆರ್‌ಪಿಕೆಐ ಎಂಬ ಡಿಜಿಟಲ್ ಸಹಿಯ ವ್ಯವಸ್ಥೆ ಇದೆ. ಅದನ್ನು ನಡೆಸುವುದೂ ಇದೇ ಪ್ರಾದೇಶಿಕ ಸಂಸ್ಥೆಗಳು. ರಾತ್ರಿ ಎರಡಕ್ಕೆ ಎದ್ದು ರೂಟರ್ ಸರಿಮಾಡಿದವನಿಗೆ ಇದರ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಂಥವರು ಮಂಡಳಿಗೆ ಬಂದ ಉದಾಹರಣೆಗಳು ನೆರೆಯಲ್ಲೇ ಇವೆ. ನೇಪಾಳದ ಇಂಟರ್ನೆಟ್ ಎಕ್ಸ್‌ಚೇಂಜ್ ಕಟ್ಟಿದ ಗೌರವ್ ರಾಜ್ ಉಪಾಧ್ಯಾಯ ಎಪಿನಿಕ್ ಕಾರ್ಯಕಾರಿ ಮಂಡಳಿಯ ಅಧ್ಯಕ್ಷರಾಗಿದ್ದರು. ಬಾಂಗ್ಲಾದೇಶದಲ್ಲಿ ಫೈಬರ್ ಜಾಲ ಕಟ್ಟಿದ ಕಂಪನಿಯ ತಾಂತ್ರಿಕ ಮುಖ್ಯಸ್ಥ ಸುಮನ್ ಅಹ್ಮದ್ ಸಾಬಿರ್, ನೀತಿ ಚರ್ಚೆಯ ಸಭೆಗಳಲ್ಲಿ ವರ್ಷಗಟ್ಟಲೆ ದುಡಿದು ಆಮೇಲೆ ಮಂಡಳಿಗೆ ಬಂದವರು. ಜಪಾನಿನ ಯೋಶಿನೊಬು ಮತ್ಸುಝಾಕಿ ಕೂಡ ನೆಟ್‌ವರ್ಕ್ ನಡೆಸುತ್ತಲೇ ಮಂಡಳಿ ಸೇರಿದವರು. ಸಣ್ಣ ದೇಶ, ದೊಡ್ಡ ದೇಶ ಎಂಬ ಲೆಕ್ಕಕ್ಕಿಂತ ಮಾಡಿದ ಕೆಲಸ ಮುಖ್ಯವಾಯಿತು.

ಮಂಡಳಿ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಆಫ್ರಿಕಾ ಸಾಕ್ಷಿ. ಅಲ್ಲಿನ ಸಂಸ್ಥೆ ಆಫ್ರಿನಿಕ್‌ನಲ್ಲಿ ವ್ಯಾಜ್ಯದ ಮೇಲೆ ವ್ಯಾಜ್ಯ ಬಿದ್ದು ಮಂಡಳಿಗೆ ಕೋರಂ ಇಲ್ಲದಾಯಿತು. 2023ರಲ್ಲಿ ಮಾರಿಷಸ್ ನ್ಯಾಯಾಲಯ ರಿಸೀವರ್ ನೇಮಿಸಬೇಕಾಯಿತು. 2025ರ ಜೂನ್‌ನಲ್ಲಿ ನಡೆದ ಚುನಾವಣೆ ಬದಲಿ ಮತದ ಅಧಿಕಾರ ಪತ್ರಗಳ ತಕರಾರಿನಿಂದ ರದ್ದಾಯಿತು. ಸೆಪ್ಟೆಂಬರಿನಲ್ಲಿ ಮತ್ತೆ ಚುನಾವಣೆ ನಡೆದ ಮೇಲಷ್ಟೇ ಹೊಸ ಮಂಡಳಿ ಬಂತು. ನಮ್ಮ ಭಾಗವೂ ಪೂರ್ತಿ ಸ್ವಚ್ಛ ಎನ್ನುವಂತಿಲ್ಲ. 2023ರ ಎಪಿನಿಕ್ ಚುನಾವಣೆ ಹೊತ್ತಿಗೆ, ಸಿಬ್ಬಂದಿಯ ಸೋಗಿನಲ್ಲಿ ಸದಸ್ಯರಿಗೆ ಕರೆಗಳು ಬರುತ್ತಿವೆ ಎಂದು ಸಂಸ್ಥೆಯೇ ಎಚ್ಚರಿಸಿತ್ತು.

ಇಂಜಿನಿಯರ್ ಆದರೆ ಸಾಕೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯೇ. ಮಂಡಳಿಯ ಕೆಲಸದಲ್ಲಿ ಹಣಕಾಸು ಇದೆ, ಕಾನೂನು ಇದೆ, ಮಾತುಕತೆಯ ತಾಳ್ಮೆಯೂ ಬೇಕು. ಜಮಾಅತ್ ಕಮಿಟಿಗೆ ಖಜಾಂಚಿ ಆರಿಸುವಾಗ ನಾವು ನೋಡುವುದು ಏನು? ಲೆಕ್ಕ ಬರುತ್ತದೋ ಇಲ್ಲವೋ, ಕೈ ಶುದ್ಧ ಇದೆಯೋ ಇಲ್ಲವೋ, ಕರೆದಾಗ ಬರುತ್ತಾನೋ ಇಲ್ಲವೋ. ಇಲ್ಲಿಯೂ ಅಷ್ಟೇ. ಅಭ್ಯರ್ಥಿ ನಿಜಕ್ಕೂ ಜಾಲ ನಡೆಸಿದ್ದಾರಾ? ಚುನಾವಣೆಗೆ ಮುಂಚೆಯೂ ಸಭೆಗಳಲ್ಲಿ ಕಂಡಿದ್ದಾರಾ? ಅವರ ಖರ್ಚು ಭರಿಸುವವರು ಯಾರು, ವಿಳಾಸ ಮಾರುವ ದಂಧೆಯ ನಂಟು ಇದೆಯಾ? ಈ ಮೂರಕ್ಕೂ ನೇರ ಉತ್ತರ ಕೊಡುವ ಅನುಭವಿ ಇಂಜಿನಿಯರ್ ಇದ್ದರೆ, ದೊಡ್ಡ ಹೆಸರಿನ ಬೇರೆ ಅಭ್ಯರ್ಥಿಗಿಂತ ಅವರಿಗೇ ಬೆಂಬಲ ಸಲ್ಲಬೇಕು ಎನ್ನುವುದು ನಮ್ಮ ಅಭಿಪ್ರಾಯ.

ಮನೆಯಲ್ಲಿ ಕೂತ ನಮಗೆ ವೋಟಿಲ್ಲ, ನಿಜ. ಆದರೆ ನಮ್ಮ ಮಕ್ಕಳಿಗೆ ದನಿ ಇದೆ. ಬೆಂಗಳೂರು, ಮಂಗಳೂರಿನ ಕಂಪನಿಗಳಲ್ಲಿ, ದುಬೈ, ದಮಾಮ್, ದೋಹಾದಲ್ಲಿ ನೆಟ್‌ವರ್ಕ್ ಕೆಲಸ ಮಾಡುವವರು ನಮ್ಮಲ್ಲೂ ಇದ್ದಾರೆ. ರೈಪ್‌ನಲ್ಲಿ ಸದಸ್ಯ ಕಂಪನಿ ಸಣ್ಣದಿರಲಿ ದೊಡ್ಡದಿರಲಿ, ಒಂದೇ ಮತ. ಎಪಿನಿಕ್‌ನಲ್ಲಿ ಸದಸ್ಯತ್ವದ ಗಾತ್ರ ನೋಡಿ ಒಂದರಿಂದ 64 ಮತದವರೆಗೆ. ಎಷ್ಟೋ ಕಡೆ ಈ ಮತದ ಮೇಲ್ ಯಾರೂ ತೆರೆಯದೆ ಬಿದ್ದಿರುತ್ತದೆ. "ಮೋನೇ, ನಿಮ್ಮ ಕಂಪನಿ ಈ ಸಲ ಯಾರಿಗೆ ವೋಟು ಹಾಕಿತು?" ಎಂದು ಮನೆಯವರು ಒಂದು ಮಾತು ಕೇಳಿದರೆ ಅವನು ಮರುದಿನ ಆಫೀಸಿನಲ್ಲಿ ವಿಚಾರಿಸುತ್ತಾನೆ. ಊರಿನ ಕೇಬಲ್ ಆಪರೇಟರಿಗೂ ಈ ಮಾತು ಮುಟ್ಟಲಿ.

ಇನ್ನೊಂದು ಕಾರಣವೂ ಇದೆ. ಬ್ಯಾರಿ ಭಾಷೆಯನ್ನು ನಾವು ಬಹುಕಾಲದಿಂದ ಬರೆಯುತ್ತಾ ಬಂದದ್ದು ಕನ್ನಡ ಲಿಪಿಯಲ್ಲಿ. ಜಾಲತಾಣದ ಹೆಸರಿನ ಕೊನೆಯ ಭಾಗವನ್ನೂ ಕನ್ನಡದಲ್ಲಿ ಬರೆಯುವುದು ಹೇಗೆ, ಯಾವ ಅಕ್ಷರ ಕೂಡಿದರೆ ಮೋಸಕ್ಕೆ ದಾರಿ ಎಂಬ ನಿಯಮಗಳು ಜಾಗತಿಕ ಸಂಸ್ಥೆ ಐಕಾನ್‌ನಲ್ಲಿ 2019ರಲ್ಲಿ ರೂಪುಗೊಂಡವು. ಆ ತಂಡದಲ್ಲಿ ಕನ್ನಡದ ಪರವಾಗಿ ಕೂತವರು ಡಾ. ಯು.ಬಿ. ಪವನಜ. ಲಿಪಿ ಬಲ್ಲವರು ಅಲ್ಲಿ ಇದ್ದದ್ದರಿಂದಲೇ ಅಕ್ಷರಕ್ಕೆ ನ್ಯಾಯ ಸಿಕ್ಕಿತು. ಜಾಲ ಬಲ್ಲವರು ಮಂಡಳಿಯಲ್ಲಿದ್ದರೆ ಜಾಲಕ್ಕೂ ಸಿಗುತ್ತದೆ.

ಮತವೆಂದರೆ ಅಮಾನತ್. ಅದನ್ನು ಅರ್ಹರ ಕೈಗೇ ಒಪ್ಪಿಸಬೇಕು. ಮಸೀದಿ ಕಮಿಟಿಗಾದರೂ ಅಷ್ಟೇ, ಬ್ರಿಸ್ಬೇನ್ ಮಂಡಳಿಗಾದರೂ ಅಷ್ಟೇ.