ಮನೆಗೇ ಬಂದ ವಿದೇಶಿ ನೌಕರಿ: ಲ್ಯಾಪ್‌ಟಾಪ್ ಯಾರದ್ದು?

ವಿದೇಶಿ ನೌಕರಿ ಎಂದರೆ ಪಾಸ್‌ಪೋರ್ಟ್, ವೀಸಾ, ಸಹಾರ್ ವಿಮಾನ ನಿಲ್ದಾಣದಲ್ಲಿ ಮನೆಮಂದಿಯ ಕಣ್ಣೀರು ಎಂಬ ಕಾಲವೊಂದಿತ್ತು. ಈಗ ಡೊಂಬಿವಲಿ, ಮೀರಾರೋಡ್, ನವಿಮುಂಬಯಿಯ ಮನೆಗಳಲ್ಲಿ ಮಂಚದ ಪಕ್ಕದ ಪುಟ್ಟ ಮೇಜಿನ ಮುಂದೆ ಕುಳಿತೇ ನಮ್ಮ ತುಳು-ಕನ್ನಡಿಗರ ಮಕ್ಕಳು ಲಂಡನ್, ಬರ್ಲಿನ್, ನ್ಯೂಯಾರ್ಕಿನ ಕಂಪೆನಿಗಳಿಗೆ ದುಡಿಯುತ್ತಿದ್ದಾರೆ. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ಹಿರಿಯರಿರುವ ಮನೆಗಳಲ್ಲಿ ಇದು ಅಭಿಮಾನದ ಸಂಗತಿಯೇ ಸರಿ. ಆದರೆ ಹೆತ್ತವರು ಸಂಬಳ ಎಷ್ಟು ಎಂದು ಕೇಳುತ್ತಾರೆಯೇ ಹೊರತು, ಕೊರಿಯರ್‌ನಲ್ಲಿ ಬಂದ ಲ್ಯಾಪ್‌ಟಾಪ್ ಯಾರದ್ದು ಎಂದು ಕೇಳುವುದಿಲ್ಲ. ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ಪರದೇಶದ ಕೆಲಸವನ್ನು ಮುಂಬಯಿಯಲ್ಲೇ ಕುಳಿತು ಮಾಡುವುದು ಹೊಸತೇನಲ್ಲ. 1968ರಲ್ಲಿ ಈ ನಗರದಲ್ಲಿ ಆರಂಭಗೊಂಡ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್, 1974ರಲ್ಲಿ ಬರೋಸ್ ಕಂಪೆನಿಯ ಕಂಪ್ಯೂಟರನ್ನು ಆಮದು ಮಾಡಿಕೊಂಡು ಅಮೆರಿಕದ ಕೆಲಸವನ್ನು ಇಲ್ಲಿ ಮಾಡಿಸಿತು. ಯಂತ್ರ ಆಫೀಸಿನದ್ದು, ಕೆಲಸಗಾರನೂ ಆಫೀಸಿನವನೇ, ಗೊಂದಲಕ್ಕೆ ಎಡೆಯಿರಲಿಲ್ಲ. 2020ರ ಮಾರ್ಚ್‌ನ ಲಾಕ್‌ಡೌನ್‌ನಲ್ಲಿ ಕಂಪ್ಯೂಟರ್‌ಗಳು ಮನೆ ಸೇರಿದವು. ಅಂಧೇರಿಯ ಸೀಪ್ಜ್‌ನಂತಹ ವಿಶೇಷ ಆರ್ಥಿಕ ವಲಯಗಳಿಗಾಗಿ ಕೇಂದ್ರ ಸರಕಾರ 2022ರ ಜುಲೈಯಲ್ಲಿ ಮನೆಯಿಂದ ಕೆಲಸ ಮಾಡುವ ನಿಯಮ ತಂದಾಗ, ಉಪಕರಣ ಮತ್ತು ಸುರಕ್ಷಿತ ಸಂಪರ್ಕವನ್ನು ಕಂಪೆನಿಯೇ ಒದಗಿಸಬೇಕೆಂದು ಅದರಲ್ಲಿ ಬರೆಯಿತು. ಆದರೆ ಭಾರತದಲ್ಲಿ ಕಚೇರಿಯೇ ಇಲ್ಲದ ಪರದೇಶದ ಕಂಪೆನಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅಲ್ಲಿ ಎಲ್ಲವೂ ಒಪ್ಪಂದ ಪತ್ರದಲ್ಲಿ ಬರೆದಂತೆ.

ಯಂತ್ರ ಯಾರದ್ದು ಎಂಬುದಕ್ಕೆ ಇಷ್ಟು ಮಹತ್ವ ಏಕೆ? 1973ರಲ್ಲಿ ಆಂಧ್ರಪ್ರದೇಶದ ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಪ್ರಕರಣ ಸುಪ್ರೀಂ ಕೋರ್ಟ್ ಮುಂದೆ ಬಂದಿತ್ತು. ಅಲ್ಲಿನ ದರ್ಜಿಗಳಿಗೆ ಹೊಲಿದ ಬಟ್ಟೆಯ ಲೆಕ್ಕದಲ್ಲಿ ಕೂಲಿ. ಇಷ್ಟ ಬಂದ ಹೊತ್ತಿಗೆ ಬರುತ್ತಿದ್ದರು, ಕೆಲವೊಮ್ಮೆ ಬಟ್ಟೆಯನ್ನು ಮನೆಗೊಯ್ದು ಹೊಲಿಯುತ್ತಿದ್ದರು. ಹೀಗಿರುವಾಗ ಅವರು ನೌಕರರೇ ಅಲ್ಲ ಎಂದು ಅಂಗಡಿಯವರು ವಾದಿಸಿದರು. ನ್ಯಾಯಾಲಯ ಒಪ್ಪಲಿಲ್ಲ. ಸರಿಯಾಗಿ ಹೊಲಿಯದ್ದನ್ನು ತಿರಸ್ಕರಿಸುವ ಅಧಿಕಾರ ಅಂಗಡಿಯವರದ್ದು, ಹೊಲಿಗೆ ಯಂತ್ರವೂ ಅವರದ್ದು. ಆದುದರಿಂದ ದರ್ಜಿಗಳು ನೌಕರರೇ ಎಂದು ತೀರ್ಪಿತ್ತಿತು. ಯಂತ್ರ ಒಡೆಯನದ್ದಾದರೆ ಅದು ನೌಕರಿಯ ಒಂದು ಲಕ್ಷಣ, ಕೆಲಸಗಾರನದ್ದಾದರೆ ಆತ ಸ್ವತಂತ್ರ ಗುತ್ತಿಗೆದಾರ ಎಂಬುದಕ್ಕೆ ಒಂದು ಸೂಚನೆ. ಇದೊಂದೇ ಮಾನದಂಡವಲ್ಲ, ಆದರೆ ಕಡೆಗಣಿಸುವಂಥದ್ದೂ ಅಲ್ಲ.

ಇಂದು ಪರದೇಶದ ಕಂಪೆನಿಗಳು ಮುಖ್ಯವಾಗಿ ಎರಡು ದಾರಿಯಲ್ಲಿ ಜನರನ್ನು ತೆಗೆದುಕೊಳ್ಳುತ್ತವೆ. ಒಂದು, 'ಎಂಪ್ಲಾಯರ್ ಆಫ್ ರೆಕಾರ್ಡ್' ಎಂಬ ವ್ಯವಸ್ಥೆ. ಭಾರತದಲ್ಲಿ ನೋಂದಣಿಯಾದ ಮಧ್ಯವರ್ತಿ ಸಂಸ್ಥೆ ಕಾಗದದ ಮೇಲೆ ಒಡೆಯನಾಗಿ ರೂಪಾಯಿಯಲ್ಲಿ ಸಂಬಳ ಕೊಟ್ಟು, ತೆರಿಗೆ ಮತ್ತು ಭವಿಷ್ಯನಿಧಿ ಕಡಿತ ಮಾಡುತ್ತದೆ. ಇನ್ನೊಂದು, ನೇರ 'ಕನ್ಸಲ್ಟೆಂಟ್' ಒಪ್ಪಂದ. ಇಲ್ಲಿ ಕೈಗೆ ಬರುವ ಮೊತ್ತ ದೊಡ್ಡದಾಗಿ ಕಾಣುತ್ತದೆ. ಆದರೆ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಸಂಬಳದ ರಜೆಗೆ ಖಾತರಿಯಿಲ್ಲ. ಮುಂಗಡ ತೆರಿಗೆಯನ್ನು ತಾನೇ ಕಟ್ಟಬೇಕು. ವಾರ್ಷಿಕ ಸ್ವೀಕೃತಿ 20 ಲಕ್ಷ ರೂ. ಮೀರಿದರೆ ಜಿಎಸ್‌ಟಿ ನೋಂದಣಿಯ ಪ್ರಶ್ನೆಯೂ ಬರುತ್ತದೆ.

ಬ್ಯಾಂಕ್ ಕೌಂಟರಿನ ಹಿಂದೆ ಕುಳಿತವರಿಗೆ ಈ ವ್ಯತ್ಯಾಸ ಬೇಗ ಕಾಣುತ್ತದೆ. ಹೊರದೇಶದಿಂದ ಬರುವ ಹಣಕ್ಕೆ ರಿಸರ್ವ್ ಬ್ಯಾಂಕಿನ ಉದ್ದೇಶ ಸಂಕೇತ ಇರುತ್ತದೆ. ನೌಕರನ ಸಂಭಾವನೆಗೆ ಪಿ 1401, ಸಾಫ್ಟ್‌ವೇರ್ ಸಲಹಾ ಸೇವೆಗೆ ಪಿ 0802, ಕುಟುಂಬ ನಿರ್ವಹಣೆಗೆ ಪಿ 1301. ಮಗ 'ನಾನು ನೌಕರ' ಎನ್ನುತ್ತಾನೆ, ಬ್ಯಾಂಕಿನ ಕಾಗದ 'ಸಲಹೆಗಾರ' ಎನ್ನುತ್ತದೆ. ಮನೆ ಕೊಳ್ಳಲು ಸಾಲಕ್ಕೆ ಅರ್ಜಿ ಹಾಕುವಾಗ ಇದರ ಬಿಸಿ ತಟ್ಟುತ್ತದೆ. ನಾವು ವರ್ಷಾನುಗಟ್ಟಲೆ ಫಾರ್ಮ್ 16 ಎಂದು ಕರೆದುಬಂದ ಪ್ರಮಾಣಪತ್ರ ಅವನಲ್ಲಿ ಇರುವುದಿಲ್ಲ. ಆಗ ಸಾಮಾನ್ಯವಾಗಿ ಎರಡು ಮೂರು ವರ್ಷಗಳ ಆದಾಯ ತೆರಿಗೆ ರಿಟರ್ನ್ ತೋರಿಸಬೇಕಾಗುತ್ತದೆ. ತಿಂಗಳಿಗೆ ಲಕ್ಷ ದುಡಿದರೂ ರಿಟರ್ನ್ ಸಲ್ಲಿಸದವನಿಗೆ ಸಾಲ ಸಿಗುವುದು ಕಷ್ಟ.

ಇನ್ನು ಲ್ಯಾಪ್‌ಟಾಪಿನ ಮಾತು. ಹೊರದೇಶದಿಂದ ಕಳುಹಿಸಿದ ಯಂತ್ರ ಕಸ್ಟಮ್ಸ್ ದಾಟಿ ಬರಬೇಕು. 2023ರ ಆಗಸ್ಟ್ 3ರಂದು ಸರಕಾರ ಲ್ಯಾಪ್‌ಟಾಪ್ ಆಮದಿಗೆ ಪರವಾನಿಗೆಯ ನಿರ್ಬಂಧ ಘೋಷಿಸಿದಾಗ, ಅಂಚೆ ಅಥವಾ ಕೊರಿಯರ್‌ನಲ್ಲಿ ಬರುವ ಒಂದು ಲ್ಯಾಪ್‌ಟಾಪಿಗೆ ವಿನಾಯಿತಿ ಕೊಟ್ಟಿತ್ತು. ಆದರೆ ಸುಂಕ ಕಟ್ಟಲೇಬೇಕಿತ್ತು. ಪಾರ್ಸೆಲ್ ಯಾರ ಹೆಸರಿಗೆ ಬರುತ್ತದೋ ಅವರ ಗುರುತಿನ ದಾಖಲೆ ಕೇಳುತ್ತಾರೆ, ತೆರಿಗೆಯ ಬಿಲ್ಲೂ ಅವರ ಕೈಗೇ ಬರುತ್ತದೆ. ಆದುದರಿಂದ ಭಾರತದಲ್ಲೇ ಖರೀದಿಸಿ ಕೊಡುವಂತೆ ಕಂಪೆನಿಯನ್ನು ಕೇಳುವುದು ಲೇಸು. ಕಂಪೆನಿಯ ಯಂತ್ರವನ್ನು ಅವರು ದೂರದಿಂದಲೇ ಲಾಕ್ ಮಾಡಬಲ್ಲರು. ಕೆಲಸ ಹೋದ ದಿನ ಅದರಲ್ಲಿಟ್ಟ ಮನೆಯ ಫೋಟೋ, ಪ್ಯಾನ್ ಕಾರ್ಡಿನ ಪ್ರತಿ, ಸಂಬಳದ ಚೀಟಿ ಎಲ್ಲವೂ ಅದರೊಳಗೇ ಉಳಿದುಬಿಡುತ್ತದೆ.

ಆದುದರಿಂದ ಸೇರುವ ಮುನ್ನ ಐದು ಮಾತನ್ನು ಬರಹದಲ್ಲಿ ಪಡೆಯಿರಿ. ಒಡೆಯ ಯಾರು? ಯಂತ್ರ ಯಾರದ್ದು? ಸುಂಕ ಮತ್ತು ದುರಸ್ತಿಯ ಖರ್ಚು ಯಾರದ್ದು? ಮಳೆನೀರು ಬಿದ್ದು ಅಥವಾ ಲೋಕಲ್ ರೈಲಿನಲ್ಲಿ ಕಳೆದುಹೋದರೆ ಹೊಣೆ ಯಾರದ್ದು? ಕೆಲಸ ಬಿಟ್ಟಾಗ ಹಿಂದಿರುಗಿಸುವ ಕೊರಿಯರ್ ಖರ್ಚು ಯಾರದ್ದು, ಕೊನೆಯ ತಿಂಗಳ ಹಣವನ್ನು ಅದಕ್ಕಾಗಿ ತಡೆಹಿಡಿಯುತ್ತಾರೆಯೇ? ಹಿಂದಿರುಗಿಸಿದ ದಿನ ಯಂತ್ರದ ಕ್ರಮಸಂಖ್ಯೆಯ ಫೋಟೋ ಮತ್ತು ಕೊರಿಯರ್ ರಶೀದಿ ಜೋಪಾನವಾಗಿರಲಿ. ವಿವಾದವೆದ್ದರೆ ಯಾವ ದೇಶದ ನ್ಯಾಯಾಲಯ ಎಂಬ ಸಾಲನ್ನೂ ಓದಿಕೊಳ್ಳಿ. 1973ರ ದರ್ಜಿಗಳ ಅಂಗಡಿ ಅವರ ಊರಿನಲ್ಲೇ ಇತ್ತು. ನಮ್ಮ ಮಕ್ಕಳ ಅಂಗಡಿ ಸಮುದ್ರದಾಚೆ ಇದೆ.

ನಮ್ಮ ಜಾತೀಯ ಸಂಘಗಳೂ ಕನ್ನಡ ಸಂಘಗಳೂ ಪ್ರತಿವರ್ಷ ಪುಸ್ತಕ ವಿತರಣೆ, ವಿದ್ಯಾರ್ಥಿ ವೇತನ, ಆರೋಗ್ಯ ಶಿಬಿರಗಳನ್ನು ಶ್ರದ್ಧೆಯಿಂದ ನಡೆಸುತ್ತಿವೆ. ಅದರ ಜತೆಗೆ ಒಂದು ರವಿವಾರ, ಸಮಾಜದ ಒಬ್ಬ ಲೆಕ್ಕ ಪರಿಶೋಧಕರನ್ನೂ ಒಬ್ಬ ವಕೀಲರನ್ನೂ ಕೂರಿಸಿ, ಯುವಕರು ತಂದ ಒಪ್ಪಂದ ಪತ್ರಗಳನ್ನು ಓದಿ ವಿವರಿಸುವ ಮಾಹಿತಿ ಶಿಬಿರವನ್ನು ಏರ್ಪಡಿಸಿದರೆ ಹೆಚ್ಚಿನ ಖರ್ಚಿಲ್ಲ. ಒಂದು ಸಹಿ ಹಾಕುವ ಮೊದಲು ಯಾರಾದರೂ ಹಿರಿಯರು ಪಕ್ಕದಲ್ಲಿ ಕುಳಿತು ಓದಿಕೊಟ್ಟರೆ, ಮುಂದೆ ಮನೆ ಸಾಲಕ್ಕೂ ಮುಪ್ಪಿನ ಉಳಿತಾಯಕ್ಕೂ ಅದು ದಾರಿಯಾದೀತು.