ಹಾಡಿಗೊಂದು ಅಂಗಿ, ಹಾಡಿದವರಿಗೊಂದು ಹೆಸರು

ನಿನ್ನೆ ನಿಮ್ಮ ಮೊಬೈಲ್‌ನಲ್ಲಿ ಕೇಳಿದ ಹಾಡನ್ನು ಹಾಡಿದವರು ಯಾರು? ಸಿನಿಮಾ ಹಾಡಾದರೆ ಥಟ್ಟನೆ ಹೇಳಿಬಿಡುತ್ತೀರಿ. ಊರಿನ ಮದುವೆಯಲ್ಲಿ ಯಾರೋ ರೆಕಾರ್ಡ್ ಮಾಡಿ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದ ಸೋಬಾನೆ ಪದವಾದರೆ? ಅದಕ್ಕಿರುವ ಹೆಸರು ಒಂದಿಷ್ಟು ಅಂಕಿಗಳ ಸಾಲು ಮಾತ್ರ. ಹಾಡಿದವರು ಯಾರು, ಯಾವ ಊರಿನವರು, ಯಾರಿಂದ ಕಲಿತರು ಎಂಬುದು ಆ ಫೈಲಿನಲ್ಲಿ ಎಲ್ಲೂ ಇಲ್ಲ. ನಾಲ್ಕು ಗ್ರೂಪು ದಾಟುವಷ್ಟರಲ್ಲಿ ಅದು ಯಾರದೂ ಅಲ್ಲದ ಹಾಡಾಗಿರುತ್ತದೆ.

ನಾನು ಇದನ್ನೆಲ್ಲ ಯೋಚಿಸಲು ಶುರು ಮಾಡಿದ್ದು ನನ್ನ ದೊಡ್ಡಪ್ಪನ ಮಗಳಿಂದ. ಅಕ್ಕ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಅನ್ವಯಿಕ ಕಲೆ ಓದುತ್ತಿದ್ದಾಳೆ. 1964ರಲ್ಲಿ ಆರಂಭವಾದ ಈ ಕಲಾಶಾಲೆ ಈಗ ದಾವಣಗೆರೆ ವಿಶ್ವವಿದ್ಯಾಲಯದ ಭಾಗ. ಕಳೆದ ಸೆಮಿಸ್ಟರ್‌ನಲ್ಲಿ ಅವಳು ಪ್ರಾಜೆಕ್ಟ್‌ಗೆ ಆಯ್ದುಕೊಂಡದ್ದು ಹಾಡಿನ ಆಲ್ಬಂ ಒಂದಕ್ಕೆ ಚಿತ್ರಗಳಿರುವ ಹೊದಿಕೆ ಮಾಡುವುದನ್ನು. ಗೆಳತಿಯರು ಹೆಸರಾಂತ ಬ್ಯಾಂಡುಗಳನ್ನೂ ಸಿನಿಮಾಗಳನ್ನೂ ಹಿಡಿದರೆ, ಇವಳು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹೆಣ್ಣುಮಕ್ಕಳ ಹಾಡುಗಳನ್ನು ಹಿಡಿದಳು. ನಾನು ಬಿ.ಇ. ಮೆಕ್ಯಾನಿಕಲ್ ವಿದ್ಯಾರ್ಥಿ. ನನಗೆ ಸಿಕ್ಕ ಕೆಲಸ ಎರಡು: ಬೈಕ್ ಓಡಿಸುವುದು, ರಟ್ಟು ಮಡಚುವುದು.

ಕಂದು ಕಾಗದದಿಂದ ಬಣ್ಣದ ಹೊದಿಕೆಗೆ

ಹಾಡಿಗೆ ಚಿತ್ರದ ಹೊದಿಕೆ ಬಂದದ್ದು ತಡವಾಗಿ. 1902ರಲ್ಲಿ ಗ್ರಾಮೊಫೋನ್ ಕಂಪನಿಯವರು ಕಲ್ಕತ್ತಾದಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು. ತಟ್ಟೆ ತಯಾರಾಗುತ್ತಿದ್ದದ್ದು ದೂರದ ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನವರಿಗೆ ಇದು ಯಾರ ಹಾಡೆಂದು ತಿಳಿಯಬೇಕಲ್ಲ! ಅದಕ್ಕೇ ಹಾಡು ಮುಗಿದ ಕೂಡಲೇ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ತಾವೇ ಗಟ್ಟಿಯಾಗಿ ಹೇಳುತ್ತಿದ್ದರು. ಇದೇ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಗಾಯಕಿಯಾಗಿ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಆಗಿನ ತಟ್ಟೆಯ ಒಂದು ಬದಿಯಲ್ಲಿ ಮೂರು, ನಾಲ್ಕು ನಿಮಿಷದ ಹಾಡಷ್ಟೇ ಹಿಡಿಸುತ್ತಿತ್ತು. ದೊಡ್ಡ ಕೃತಿಯಾದರೆ ಹಲವು ತಟ್ಟೆಗಳು ಬೇಕು. ಅವನ್ನೆಲ್ಲ ಫೋಟೊ ಆಲ್ಬಂನಂತೆ ಪುಸ್ತಕ ಕಟ್ಟಿ ಮಾರುತ್ತಿದ್ದರು. ನಾವು ಇವತ್ತಿಗೂ 'ಆಲ್ಬಂ' ಎನ್ನುವುದು ಅದಕ್ಕೇ. ಹೊರಗಿನ ಹೊದಿಕೆ ಮಾತ್ರ ಬರೀ ಕಂದು ಅಥವಾ ಬೂದು ಬಣ್ಣದ ರಟ್ಟು. 1939ರಲ್ಲಿ ಅಮೆರಿಕದ ಕೊಲಂಬಿಯಾ ರೆಕಾರ್ಡ್ಸ್ ಸೇರಿದ ಅಲೆಕ್ಸ್ ಸ್ಟೈನ್‌ವೈಸ್ ಎಂಬ ಕಲಾವಿದ ಇದಕ್ಕೆ ಚಿತ್ರ ಬೇಕೆಂದು ಹಟ ಹಿಡಿದ. ರಂಗಮಂದಿರದ ದೀಪದ ಬೋರ್ಡಿನಲ್ಲಿ ಆಲ್ಬಂನ ಹೆಸರನ್ನೇ ಹಾಕಿಸಿ, ಆ ಫೋಟೊವನ್ನು ಮೊದಲ ಹೊದಿಕೆಗೆ ಬಳಸಿದ. ಆಗ ಅವನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ವರ್ಷ. ಹೆಚ್ಚುಕಡಿಮೆ ನಮ್ಮದೇ ವಯಸ್ಸು!

ಕನ್ನಡದಲ್ಲಿ ಮನೆಮನೆಗೆ ಹಾಡು ತಲುಪಿಸಿದ್ದು ಕ್ಯಾಸೆಟ್. ನಿಸಾರ್ ಅಹಮದ್ ಅವರ ಕವನಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಬಂತು. ಅದು ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್. ಕ್ಯಾಸೆಟ್ ಡಬ್ಬಿಯೊಳಗಿನ ಅಂಗೈಯಗಲದ ಕಾಗದದಲ್ಲಿ ಕವಿ, ಗಾಯಕರು, ಸಂಗೀತ, ಹಾಡುಗಳ ಪಟ್ಟಿ ಎಲ್ಲವೂ ಇರುತ್ತಿತ್ತು. ಜಾತ್ರೆಯಲ್ಲಿ ಮಾರುತ್ತಿದ್ದ ಭಕ್ತಿಗೀತೆಯ ಕ್ಯಾಸೆಟ್‌ನಲ್ಲೂ ನಡುವೆ ದೇವರು, ಮೂಲೆಯ ವೃತ್ತದಲ್ಲಿ ಗಾಯಕರ ಫೋಟೊ. ನೋಡಲು ಚೆಂದವೋ ಅಲ್ಲವೋ, ಹಾಡಿದವರ ಮುಖ ಮತ್ತು ಹೆಸರು ಅಲ್ಲಿ ಇದ್ದೇ ಇರುತ್ತಿತ್ತು. ಆಮೇಲೆ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ನೂರಾರು ಹಾಡು ತುಂಬಿಸಿಕೊಳ್ಳುವ ಕಾಲ ಬಂತು. ಹಾಡು ಬಂತು, ಕಾಗದ ಹೋಯಿತು. ಕಾಗದದ ಜೊತೆ ಹೆಸರೂ ಹೋಯಿತು.

ಕೊಡ ಹೊತ್ತ ಹುಡುಗಿ ಬೇಡ

ಜನಪದ ಹಾಡಿನ ಹೊದಿಕೆ ಎಂದ ಕೂಡಲೇ ಏನು ನೆನಪಾಗುತ್ತದೆ? ಗುಡಿಸಲು, ತೆಂಗಿನಮರ, ಸೊಂಟದ ಮೇಲೆ ಕೊಡ ಇಟ್ಟುಕೊಂಡ ಹುಡುಗಿ. ಅಕ್ಕ ಮೊದಲೇ ತೀರ್ಮಾನಿಸಿದ್ದಳು, ಈ ಮೂರೂ ಬೇಡ. 'ಆ ಚಿತ್ರ ಯಾವ ಊರಿಗೆ ಬೇಕಾದ್ರೂ ಒಪ್ಪುತ್ತೆ ಕಣೋ ತಮ್ಮ. ಅಂದ್ರೆ ಯಾವ ಊರಿಗೂ ಸೇರಲ್ಲ' ಎಂದಳು.

ನಾಲ್ಕು ತಾಲ್ಲೂಕು ಒಂದೇ ಜಿಲ್ಲೆಯಲ್ಲಿದ್ದರೂ ಒಂದೇ ಥರ ಇಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ತೀರಾ ಈಚೆಗೆ. ಮಣ್ಣು, ಮಳೆ, ಮಾತಿನ ಧಾಟಿ ಎಲ್ಲವೂ ಬೇರೆ.

ಚನ್ನಗಿರಿಗೆ ಅವಳು ಬರೆದದ್ದು ಸೂಳೆಕೆರೆಯ ನೀರು ಮತ್ತು ಉದುರಿದ ಅಡಿಕೆ ಹಾಳೆ. ಹೊನ್ನಾಳಿಗೆ ತುಂಗಭದ್ರೆಯ ದಂಡೆ, ಭತ್ತದ ಗದ್ದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಬಂಜಾರರ ದೊಡ್ಡ ಯಾತ್ರಾಸ್ಥಳ ಕೂಡ. ಹಾಗಾಗಿ ಅಲ್ಲಿಗೆ ಲಂಬಾಣಿ ಕಸೂತಿಯ ಕನ್ನಡಿ ಚೂರುಗಳು, ಕವಡೆಗಳು. ಜಗಳೂರಿಗೆ ಶೇಂಗಾ ಹೊಲ, ಅದರ ಅಂಚಿನಲ್ಲಿ ಕೊಂಡುಕುರಿ. ನಾಲ್ಕು ಕೊಂಬಿನ ಈ ಜಿಂಕೆಯಂಥ ಪ್ರಾಣಿಗೆಂದೇ ಆ ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ವನ್ಯಧಾಮವಿದೆ.

ಹೊದಿಕೆಯನ್ನು ಅಡಿಕೆ ಹಾಳೆಯಲ್ಲೇ ಮಾಡಿ, ಪರಿಸರಸ್ನೇಹಿ ಆಗುತ್ತೆ ಎಂದು ಸಲಹೆ ಕೊಟ್ಟವರಿದ್ದರು. ಕೇಳಲು ಚೆನ್ನಾಗಿದೆ. ಆದರೆ ಮಳೆಗಾಲದಲ್ಲಿ ಹಾಳೆಗೆ ಬೂಸು ಹಿಡಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಜಗಳೂರಿನ ಒಣಭೂಮಿಯ ಹಾಡಿಗೆ ಅಡಿಕೆ ಹಾಳೆಯ ಅಂಗಿ ಯಾಕೆ ಎಂಬುದು ಅಕ್ಕನ ಪ್ರಶ್ನೆ. ಕೊನೆಗೆ ಸಾದಾ ರಟ್ಟೇ ಗಟ್ಟಿಯಾಯಿತು.

ಅಕ್ಷರದ ಕೆಲಸ ಚಿತ್ರಕ್ಕಿಂತ ಕಷ್ಟದ್ದು. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಇಂಗ್ಲಿಷಿನಷ್ಟು ಒತ್ತೊತ್ತಾಗಿ ಸಾಲು ಜೋಡಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಅದಕ್ಕೆ ಶೀರ್ಷಿಕೆಗಳನ್ನೆಲ್ಲ ಅಕ್ಕ ಕೈಯಲ್ಲೇ ಬರೆದಳು. ಲಂಬಾಣಿ ಭಾಷೆಗೆ ಸ್ವಂತ ಲಿಪಿ ಇಲ್ಲ. ಆ ಹಾಡುಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದು, ತಾಂಡಾದ ಹೆಂಗಸರ ಮುಂದೆ ಓದಿ ತೋರಿಸಿ, ಅವರು ಸರಿ ಎಂದ ಮೇಲೆಯೇ ಅಚ್ಚಿಗೆ ಕೊಟ್ಟದ್ದು.

ಯಾರು ಮೇಲೆ, ಯಾರು ಕೆಳಗೆ?

ಈಗ ನನ್ನ ಪಾಲಿನ ಕೆಲಸ. ಬಿ.ಇ. ಮೊದಲ ವರ್ಷ ಎಲ್ಲರೂ ಎಂಜಿನಿಯರಿಂಗ್ ಡ್ರಾಯಿಂಗ್ ಓದುತ್ತೇವೆ. ಅದರಲ್ಲಿ ಘನಾಕೃತಿಯ ಮೇಲ್ಮೈಯನ್ನು ಬಿಚ್ಚಿ ಕಾಗದದ ಮೇಲೆ ಹರಡಿ ತೋರಿಸುವ ಪಾಠವಿದೆ. ಪರೀಕ್ಷೆಗೆ ಬರೆದು ಮರೆತುಬಿಡುವ ಪಾಠ ಅದು. ಆದರೆ ಸ್ವೀಟ್ ಡಬ್ಬದಿಂದ ಹಿಡಿದು ಆಲ್ಬಂ ಹೊದಿಕೆಯವರೆಗೆ ಎಲ್ಲವೂ ಮೊದಲು ಹಾಗೆ ಹರಡಿದ ಚಪ್ಪಟೆ ರಟ್ಟೇ.

ನಮ್ಮ ನಕ್ಷೆ ಹೀಗಿತ್ತು: ನಡುವೆ 12 ಸೆಂಟಿಮೀಟರ್ ಚೌಕ. ಅದರಲ್ಲಿ ಎಟಿಎಂ ಕಾರ್ಡಿನಂಥ ಚಪ್ಪಟೆ ಪೆನ್‌ಡ್ರೈವ್. ಸಿ.ಡಿ. ಹಾಕುವ ಪ್ಲೇಯರ್ ಈಗ ಮನೆಗಳಲ್ಲಿ ಇಲ್ಲ. ಟ್ರ್ಯಾಕ್ಟರ್, ಟೆಂಪೊಗಳಲ್ಲಿ ಪೆನ್‌ಡ್ರೈವ್ ಇನ್ನೂ ಹಾಡುತ್ತದೆ. ಚೌಕದ ನಾಲ್ಕು ಬದಿಗೆ ನಾಲ್ಕು ತಾಲ್ಲೂಕಿನ ನಾಲ್ಕು ರೆಕ್ಕೆ. ಒಂದರ ಮೇಲೊಂದು ಮುಚ್ಚಿದರೆ ಎರಡು ತೊಂದರೆ. ಒಂದು, ರಟ್ಟಿಗೆ ದಪ್ಪವಿದೆ. ಕೊನೆಗೆ ಮುಚ್ಚುವ ರೆಕ್ಕೆ ಕೆಳಗಿನ ಪದರಗಳನ್ನು ಹತ್ತಿ ಬರಬೇಕಾದ್ದರಿಂದ ಅದರ ಮಡಿಕೆಗೆ ಹೆಚ್ಚು ಜಾಗ ಬಿಡಬೇಕು. ಎರಡು, ಮೇಲೆ ಯಾವ ತಾಲ್ಲೂಕು ಬರಬೇಕು? ಮನೆಯಲ್ಲೇ ಜಗಳ ಶುರು. ನಮ್ಮಮ್ಮ ಚನ್ನಗಿರಿ ಕಡೆಯವರು, ದೊಡ್ಡಮ್ಮ ಹೊನ್ನಾಳಿ ಕಡೆಯವರು!

ಉತ್ತರ ಕಿರಾಣಿ ಅಂಗಡಿಯಲ್ಲಿತ್ತು. ಅಂಟುಪಟ್ಟಿ ಇಲ್ಲದಾಗ ಅಂಗಡಿಯವರು ರಟ್ಟಿನ ಡಬ್ಬವನ್ನು ಹೇಗೆ ಮುಚ್ಚುತ್ತಾರೆ ನೋಡಿ. ನಾಲ್ಕು ಮುಚ್ಚಳಗಳನ್ನು ಒಂದರ ಕೆಳಗೊಂದು ಸಿಕ್ಕಿಸುತ್ತಾರೆ. ಪ್ರತಿ ಮುಚ್ಚಳವೂ ಒಂದು ಪಕ್ಕದಲ್ಲಿ ಮೇಲೆ, ಇನ್ನೊಂದು ಪಕ್ಕದಲ್ಲಿ ಕೆಳಗೆ. ಹಾಗೆ ಮಾಡಿದಾಗ ನಾಲ್ಕೂ ಮಡಿಕೆಗಳ ಅಳತೆ ಒಂದೇ ಆಯಿತು, ಅಂಟೂ ಬೇಕಾಗಲಿಲ್ಲ. ಮುಚ್ಚಿದಾಗ ಕೆರೆ, ಹೊಳೆ, ಕನ್ನಡಿ, ಶೇಂಗಾ ಹೊಲ ಸೇರಿ ಒಂದೇ ಚಿತ್ರ.

ರಟ್ಟಿಗೂ ಮರದ ಹಾಗೆ ಎಳೆಯ ದಿಕ್ಕಿದೆ. ಎಳೆಯ ಗುಂಟ ಮಡಚಿದರೆ ನಯವಾಗಿ ಮಡಚಿಕೊಳ್ಳುತ್ತದೆ, ಅಡ್ಡ ಮಡಚಿದರೆ ಬಣ್ಣ ಬಿರಿಯುತ್ತದೆ. ನಾಲ್ಕು ದಿಕ್ಕಿಗೆ ರೆಕ್ಕೆ ಇದ್ದರೆ ಎರಡು ಮಡಿಕೆ ಅಡ್ಡವಾಗಿಯೇ ಬರುತ್ತವೆ. ಮಡಚುವ ಮೊದಲು ಗೀರು ಒತ್ತಿಕೊಳ್ಳುವುದೇ ಅದಕ್ಕೆ ದಾರಿ. ಇಂಕ್ ಮುಗಿದ ಬಾಲ್‌ಪೆನ್ನು, ಸ್ಟೀಲ್ ಸ್ಕೇಲು ಹಿಡಿದು 50 ಹೊದಿಕೆಗೆ ಕೂತು ಗೀರಿದೆವು.

'ನನ್ ಹೆಸ್ರು ಯಾಕವ್ವಾ?'

ಹಾಡಿದವರು 13 ಜನ. ಎಲ್ಲರೂ ಖುಷಿಯಿಂದ ಹಾಡಿದರು. ಹೆಸರು ಕೇಳಿದಾಗಲೇ ತಡವರಿಸಿದ್ದು. ಒಬ್ಬರು ಮಗನ ಹೆಸರು ಹೇಳಿ 'ಅವ್ನ ತಾಯಿ ಅಂತ ಬರ್ಕೊಳವ್ವ' ಎಂದರು. ಹೊನ್ನಾಳಿ ಕಡೆಯ ಒಬ್ಬ ಅಜ್ಜಿ, 'ನನ್ ಹೆಸ್ರು ಯಾಕವ್ವಾ? ಇದು ನಮ್ಮತ್ತಿ ಹೇಳಿಕೊಟ್ಟ ಪದ. ಅವ್ರಿಗೆ ಅವ್ರತ್ತಿ ಹೇಳಿಕೊಟ್ಟಿದ್ದು' ಎಂದರು.

ಮದುವೆ ಮನೆಯಲ್ಲಿ ಹೊಸ ಹೆಂಡತಿಯ ಬಾಯಲ್ಲಿ ಒಡಪು ಕಟ್ಟಿಸಿ, ಗದ್ದಲ ಮಾಡಿ, ಗಂಡನ ಹೆಸರು ಹೇಳಿಸುತ್ತೇವೆ. ಅದೇ ಮನೆಯಲ್ಲಿ ರಾತ್ರಿಯಿಡೀ ಸೋಬಾನೆ ಹಾಡುವ ಹೆಂಗಸಿನ ಹೆಸರನ್ನು ಕೇಳುವವರು ಯಾರು? ವಚನಕಾರರಿಗೆ ಅಂಕಿತ ಇತ್ತು, ದಾಸರಿಗೂ ಇತ್ತು. ಬೀಸುವ ಕಲ್ಲಿನ ಮುಂದೆ ಹಾಡಿದವರಿಗೆ ಅದೂ ಇಲ್ಲ.

ಅಜ್ಜಿಯ ಮಾತಿನಿಂದ ಹೊದಿಕೆಯ ಹಿಂಬದಿ ಬದಲಾಯಿತು. ಒಂದೇ ಪಟ್ಟಿ ಇದ್ದಲ್ಲಿ ಎರಡು ಬಂದವು: ಹಾಡಿದವರು, ಹೇಳಿಕೊಟ್ಟವರು. ಅತ್ತೆಯ ಹೆಸರು ನೆನಪಿಸಿಕೊಳ್ಳಲು ಕೆಲವರಿಗೆ ಹೊತ್ತು ಹಿಡಿಯಿತು. ಬದುಕಿನುದ್ದಕ್ಕೂ ಅವರು 'ಅತ್ತಿ' ಎಂದೇ ಕರೆದವರು. ಅಚ್ಚಿನಲ್ಲಿ ಹೆಸರು ಬೇಡ ಎಂದವರು ಇಬ್ಬರು. ಅವರನ್ನು ಒತ್ತಾಯಿಸಲಿಲ್ಲ. 'ಹೆಸರು ಬೇಡವೆಂದ ಇಬ್ಬರು' ಎಂದೇ ಅಚ್ಚಾಗಿದೆ.

ಇಷ್ಟೊಂದು ಹೆಸರು ತುಂಬಿದರೆ ವಿನ್ಯಾಸ ಕೆಡುತ್ತೆ, ಹಿಂಬದಿ ಮದುವೆ ಕರೆಯೋಲೆಯ ಹಾಗೆ ಕಾಣುತ್ತೆ ಎಂದು ಅಕ್ಕನ ಗೆಳತಿಯರು ಹೇಳಿದರು. ಮಾತು ಸುಳ್ಳಲ್ಲ. ಖಾಲಿ ಜಾಗ ಬಿಟ್ಟಷ್ಟೂ ಕಣ್ಣಿಗೆ ಹಿತ. ಅಂಕಗಳ ಪ್ರಶ್ನೆಯೂ ಇತ್ತು. ಅಕ್ಕ ಎರಡು ದಿನ ಯೋಚಿಸಿ, ಹಿಂಬದಿಯ ಚಿತ್ರವನ್ನೇ ತೆಗೆದುಹಾಕಿದಳು. ಹೆಸರುಗಳು ಉಳಿದವು. ನೆನಪಾಗದೇ ಹೋದ ಹೇಳಿಕೊಟ್ಟವರ ಜಾಗದಲ್ಲಿ ಗೆರೆ ಮಾತ್ರ ಎಳೆದಿದ್ದಾಳೆ. ನೆನಪಾದಾಗ ಮನೆಯವರು ಪೆನ್ನಿನಲ್ಲಿ ಬರೆದುಕೊಳ್ಳಲಿ ಎಂದು.

50 ಪ್ರತಿಗಳಲ್ಲಿ 13 ಹಾಡಿದವರ ಮನೆಗೆ ಹೋದವು. ಜಗಳೂರಿನ ಒಂದು ಮನೆಯಲ್ಲಿ ಅದನ್ನು ಟಿ.ವಿ. ಪಕ್ಕದಲ್ಲಿ, ಹಿಂಬದಿ ಕಾಣುವಂತೆ ನಿಲ್ಲಿಸಿದ್ದಾರೆ. ಅಷ್ಟು ಕಷ್ಟಪಟ್ಟು ಬರೆದ ಕೊಂಡುಕುರಿ ಗೋಡೆಗೆ ಮುಖ ಮಾಡಿದೆ! ಅಕ್ಕನಿಗೆ ಅದರ ಬಗ್ಗೆ ಬೇಸರವೇನೂ ಇದ್ದಂತಿಲ್ಲ.

ಚಿತ್ರ ಬರೆಯಲು, ರಟ್ಟು ಮಡಚಲು ಎಲ್ಲರಿಗೂ ಆಗದೇ ಇರಬಹುದು. ನಮ್ಮ ಕೈಯಲ್ಲಿ ಮೊಬೈಲ್ ಅಂತೂ ಇದೆ. ಮುಂದಿನ ಮದುವೆಯಲ್ಲಿ ಹಾಡು ರೆಕಾರ್ಡ್ ಮಾಡಿದಾಗ ಅಲ್ಲೇ ನಿಂತು ನಾಲ್ಕು ಮಾತು ಕೇಳಿ: ನಿಮ್ಮ ಹೆಸರೇನು, ಯಾವ ಊರು, ಯಾರು ಹೇಳಿಕೊಟ್ಟರು, ಹೆಸರು ಹಾಕಬಹುದೇ? ಹಾಕಬಹುದು ಎಂದರೆ ಫೈಲಿನ ಅಂಕಿಗಳನ್ನು ಅಳಿಸಿ ಅದನ್ನೇ ಬರೆಯಿರಿ. ಗ್ರೂಪಿಗೆ ಕಳಿಸುವುದು ಆಮೇಲೆ.