‘ಡಯಟ್’ ಹಣೆಪಟ್ಟಿಗೆ ಹೊಟ್ಟೆ ಮರುಳಾಗದು

ಸಕ್ಕರೆರಹಿತ ಬಿಸ್ಕತ್ತು, ಕೊಬ್ಬಿಲ್ಲದ ಮೊಸರು, ಊಟಕ್ಕೆ ಬದಲಾಗಿ ಪುಡಿ ಕಲಸಿದ ಪಾನೀಯ. ತೂಕ ಇಳಿಸಲು ಹೊರಟ ಅನೇಕ ಸಹೋದರಿಯರು ಮೊದಲು ಕೊಳ್ಳುವುದು ಇವನ್ನೇ. ಆದರೆ ತಿಂಗಳು ಕಳೆದರೂ ತೂಕದ ಯಂತ್ರದ ಮುಳ್ಳು ಹಿಂದೆ ಸರಿಯುವುದಿಲ್ಲ. ಹೀಗೇಕೆ? ಕೊರಿಯಾದ ಸಾಂಪ್ರದಾಯಿಕ ವೈದ್ಯ ಪದ್ಧತಿ ಇದಕ್ಕೆ ತನ್ನದೇ ಆದ ಉತ್ತರ ನೀಡುತ್ತದೆ.

ಅರಮನೆಯ ವೈದ್ಯ ಹೊ ಜುನ್ 1610ರಲ್ಲಿ ಪೂರ್ಣಗೊಳಿಸಿದ ‘ದೊಂಗುಯಿ ಬೊಗಮ್’ ಈ ಪದ್ಧತಿಯ ಪ್ರಮುಖ ಗ್ರಂಥ. 2009ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು. ಈ ಪದ್ಧತಿಯಲ್ಲಿ ಜಠರ ಮತ್ತು ಗುಲ್ಮ ಒಲೆಯ ಮೇಲಿನ ಪಾತ್ರೆಯಂತೆ. ಕಾವು ಸರಿಯಾಗಿದ್ದರೆ ಉಂಡದ್ದು ಶಕ್ತಿಯಾಗುತ್ತದೆ. ತಣ್ಣನೆಯ, ಅತಿ ಸಿಹಿಯಾದ, ಜಿಡ್ಡಿನ ಆಹಾರದಿಂದ ಕಾವು ಕುಂದಿದರೆ ಅದು ತೇವವಾಗಿ, ಕಫವಾಗಿ ದೇಹದಲ್ಲಿ ಶೇಖರಗೊಳ್ಳುತ್ತದೆ. ಬೊಜ್ಜಿಗೆ ಇದೇ ಮುಖ್ಯ ಕಾರಣವೆಂದು ಈ ವೈದ್ಯರು ನಂಬುತ್ತಾರೆ. ಆದ್ದರಿಂದ ಅವರು ಕ್ಯಾಲೊರಿಗಿಂತ ಜೀರ್ಣಶಕ್ತಿಗೆ ಹೆಚ್ಚು ಗಮನ ಕೊಡುತ್ತಾರೆ.

ಎಲ್ಲರಿಗೂ ಒಂದೇ ಪಥ್ಯವೂ ಇಲ್ಲ. ಲೀ ಜೆ-ಮಾ ಎಂಬ ವೈದ್ಯರು 1894ರಲ್ಲಿ ಮನುಷ್ಯರ ದೇಹಪ್ರಕೃತಿಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಅವುಗಳಲ್ಲಿ ‘ತೆಯುಮ್’ ಪ್ರಕೃತಿಯವರಿಗೆ ಮೈ ಬರುವುದು ಬೇಗ ಎನ್ನಲಾಗುತ್ತದೆ.

ತೇವ, ಕಫದ ಈ ವಿವರಣೆಯನ್ನು ಆಧುನಿಕ ವಿಜ್ಞಾನ ಒಪ್ಪುವುದಿಲ್ಲ. ಆದರೆ ಕಾರ್ಖಾನೆಯ ಆಹಾರದ ಬಗ್ಗೆ ಅದರ ಎಚ್ಚರಿಕೆಯೂ ಕಡಿಮೆಯಿಲ್ಲ. 2019ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗವೊಂದರಲ್ಲಿ 20 ಮಂದಿಗೆ ಎರಡು ವಾರ ಅತಿಯಾಗಿ ಸಂಸ್ಕರಿಸಿದ ಆಹಾರವನ್ನೂ ಎರಡು ವಾರ ಸಾದಾ ಆಹಾರವನ್ನೂ ಬೇಕಾದಷ್ಟು ತಿನ್ನಲು ಬಿಡಲಾಯಿತು. ಸಂಸ್ಕರಿಸಿದ ಆಹಾರ ತಿಂದಾಗ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ಸೇವಿಸಿದರು. ತೂಕವೂ ಸುಮಾರು 900 ಗ್ರಾಂ ಏರಿತು. ಮಧುಮೇಹವಿಲ್ಲದವರು ತೂಕ ನಿಯಂತ್ರಣಕ್ಕೆ ಕೃತಕ ಸಿಹಿಗಳನ್ನು ಬಳಸದಿರುವುದೇ ಲೇಸೆಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಸಲಹೆ ನೀಡಿತು. ‘ಕೊಬ್ಬಿಲ್ಲ’ ಎಂಬ ಹಲವು ತಿನಿಸುಗಳಲ್ಲಿ ರುಚಿಗಾಗಿ ಸಕ್ಕರೆಯನ್ನೋ ಪಿಷ್ಟವನ್ನೋ ಸೇರಿಸಿರುತ್ತಾರೆ.

ಹಾಗೆಂದು ಕೊರಿಯಾದ ‘ಗಿಡಮೂಲಿಕೆ’ ಎಂದ ಕೂಡಲೇ ಕಣ್ಣುಮುಚ್ಚಿ ನುಂಗಬಾರದು. ಅಲ್ಲಿ ತೂಕ ಇಳಿಸಲು ಕೊಡುವ ‘ಮಾಹ್ವಾಂಗ್’ ಮೂಲಿಕೆಯಲ್ಲಿ ಎಫೆಡ್ರಿನ್ ಇದೆ. ಅದು ಎದೆಬಡಿತ, ರಕ್ತದೊತ್ತಡ ಏರಿಸುತ್ತದೆ. ಇದೇ ಜಾತಿಯ ಮೂಲಿಕೆಯಿರುವ ಪೂರಕ ಆಹಾರಗಳನ್ನು ಅಮೆರಿಕ 2004ರಲ್ಲಿ ನಿಷೇಧಿಸಿತು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಹೃದ್ರೋಗಿಗಳು ಇದರಿಂದ ದೂರವಿರಬೇಕು.

ಕೊರಿಯಾದ ಹಳೆಯ ಊಟದಲ್ಲಿ ಇದ್ದುದು ಅನ್ನ, ಬಿಸಿ ಸಾರು, ಬೇಯಿಸಿದ ಸೊಪ್ಪು, ಹುಳಿ ಬರಿಸಿದ ತರಕಾರಿ. ನಾವು ಅಲ್ಲಿಂದ ಕಲಿಯಬಹುದಾದದ್ದೂ ಇದನ್ನೇ: ಹಸಿದಾಗ, ಮನೆಯಲ್ಲಿ ಬೇಯಿಸಿದ್ದನ್ನು, ಹಿತಮಿತವಾಗಿ ಉಣ್ಣುವುದು.